ಎರಡು ಸಾಲಿನ ತೇಪೆ

2021ರ ಏಪ್ರಿಲ್‌ನಲ್ಲಿ ಮ್ಯಾಕ್ಸ್ ಕೆಲರ್‌ಮನ್ ಎಂಬ ಪ್ರೋಗ್ರಾಮರ್ ಹತ್ತಿರ ಒಂದು ದೂರು ಬಂತು. ಡೌನ್‌ಲೋಡ್ ಮಾಡಿಕೊಂಡ ಲಾಗ್ ಫೈಲ್ (ಸರ್ವರ್ ಬರೆದಿಡುವ ದಿನಚರಿ) ತೆರೆಯುತ್ತಿಲ್ಲ ಅಂತ. ನೋಡಿದರೆ ಕೊನೆಯ ಎಂಟು ಬೈಟ್ ಮಾತ್ರ ಕೆಟ್ಟಿತ್ತು. ಅವರು ಅದನ್ನು ಸರಿಮಾಡಿ ಮುಗಿಸಿದರು. ಕೆಲವು ತಿಂಗಳು ಕಳೆದು ಮತ್ತೆ ಅದೇ ದೂರು. ಆಮೇಲೆ ಇನ್ನೊಂದು. ಪ್ರತಿ ಸಲವೂ ಕೊನೆಯ ಎಂಟೇ ಬೈಟ್. ಆ ಜಾಗದಲ್ಲಿ ಬಂದು ಕೂತಿದ್ದು ಒಂದು ಜಿಪ್ ಫೈಲ್‌ಗೆ ಸೇರಿದ ತುಣುಕು. ಆದರೆ ಜಿಪ್ ಕಟ್ಟುವ ಪ್ರೋಗ್ರಾಮ್‌ಗೆ ಈ ಲಾಗ್ ಫೈಲ್‌ಗಳನ್ನು ಓದುವ ಅನುಮತಿ ಇತ್ತೇ ಹೊರತು ಬರೆಯುವ ಅನುಮತಿ ಇರಲಿಲ್ಲ. ಹಾಗಾದರೆ ಬರೆದವರು ಯಾರು?

ಬರೆದದ್ದು ಲಿನಕ್ಸ್ ಕರ್ನಲ್, ಅಂದರೆ ಲಿನಕ್ಸ್ ಆಪರೇಟಿಂಗ್ ಸಿಸ್ಟಂನ ತಿರುಳು.

ಕೆಲರ್‌ಮನ್ ಇದನ್ನು ಎರಡು ಪುಟ್ಟ ಪ್ರೋಗ್ರಾಮ್‌ಗಳಿಂದ ತೋರಿಸಿದರು. ಮೊದಲನೆಯದು ಒಂದು ಫೈಲ್ ತುಂಬ ‘ಎ’ ಅಕ್ಷರ ಬರೆಯುತ್ತದೆ. ಎರಡನೆಯದು ಆ ಫೈಲ್ ಅನ್ನು ಓದಿ ಪೈಪ್‌ಗೆ, ಅಂದರೆ ಒಂದು ಪ್ರೋಗ್ರಾಮ್‌ನಿಂದ ಇನ್ನೊಂದಕ್ಕೆ ಮಾಹಿತಿ ಹರಿಯುವ ದಾರಿಗೆ, ಹರಿಸುತ್ತದೆ, ನಂತರ ಅದೇ ಪೈಪ್‌ಗೆ ‘ಬಿ’ ಬರೆಯುತ್ತದೆ. ಫೈಲ್ ತೆರೆದು ನೋಡಿದರೆ ಒಳಗೆ ‘ಬಿ’ ಕಾಣುತ್ತದೆ! ಫೈಲ್‌ಗೆ ಯಾರೂ ‘ಬಿ’ ಬರೆದೇ ಇಲ್ಲ. ಇದು ಎಷ್ಟು ಗಂಭೀರ ಅಂತ ಅರ್ಥವಾಗಲು ಒಳಗಿನ ಕೆಲಸ ಸ್ವಲ್ಪ ನೋಡಬೇಕು.

ಡಿಸ್ಕ್‌ನಿಂದ ಓದಿದ ಫೈಲ್‌ನ ಪ್ರತಿಯನ್ನು ಕರ್ನಲ್ ಮೆಮೊರಿಯಲ್ಲಿ ಇಟ್ಟುಕೊಳ್ಳುತ್ತದೆ. ಇದೇ ಪೇಜ್ ಕ್ಯಾಶ್. ಮತ್ತೆ ಯಾರಾದರೂ ಆ ಫೈಲ್ ಕೇಳಿದರೆ ಈ ಪ್ರತಿಯನ್ನೇ ಕೊಡುತ್ತದೆ. ಇನ್ನು ಪೈಪ್‌ನೊಳಗೆ ಸಾಲಾಗಿ ಖಾನೆಗಳಿವೆ. ಕೆಲವು ಖಾನೆಗಳ ಮೇಲೆ ‘ಇಲ್ಲೇ ಮುಂದುವರಿಸಿ ಬರೆಯಬಹುದು’ ಎಂಬ ಗುರುತು ಇರುತ್ತದೆ. ಪ್ರೋಗ್ರಾಮರ್‌ಗಳು ಇದನ್ನು ಫ್ಲ್ಯಾಗ್ ಅನ್ನುತ್ತಾರೆ. ಸಾಮಾನ್ಯ ಖಾನೆಗೆ ಈ ಗುರುತು ಇದ್ದರೆ ಒಳ್ಳೆಯದೇ, ಮೆಮೊರಿ ಉಳಿಯುತ್ತದೆ. ಆದರೆ ಫೈಲ್ ಒಂದನ್ನು ಪೈಪ್‌ಗೆ ಹರಿಸುವಾಗ ಕರ್ನಲ್ ನಕಲು ಮಾಡುವ ಶ್ರಮ ಬಿಟ್ಟು, ಪೇಜ್ ಕ್ಯಾಶ್‌ನ ಪುಟವನ್ನೇ ಖಾನೆಗೆ ಜೋಡಿಸುತ್ತದೆ. ಅಂಥ ಖಾನೆಯಲ್ಲಿ ಬರೆಯಲು ಬಿಡಲೇಬಾರದು, ಅಲ್ವಾ? ತಪ್ಪಾದದ್ದು ಇಲ್ಲೇ. ಹೊಸ ಪುಟ ಜೋಡಿಸುವಾಗ ಖಾನೆಯ ಹಳೆಯ ಗುರುತನ್ನು ಅಳಿಸುವುದು ಬಿಟ್ಟುಹೋಗಿತ್ತು.

ನನ್ನನ್ನು ಜಾಸ್ತಿ ಕಾಡುವುದು ಈ ಮರೆವಿನ ವಯಸ್ಸು. ಆ ಕೋಡ್ ಸೇರಿದ್ದು 2016ರಲ್ಲಿ, ಕರ್ನಲ್ 4.9ರ ಹೊತ್ತಿಗೆ. ಆಗ ಅದರಿಂದ ಯಾರಿಗೂ ತೊಂದರೆ ಇರಲಿಲ್ಲ, ಏಕೆಂದರೆ ಅಪಾಯ ತರುವಂಥ ಗುರುತೇ ಆಗ ಇರಲಿಲ್ಲ. 2020ರಲ್ಲಿ, 5.8ನೇ ಆವೃತ್ತಿಯಲ್ಲಿ, ಬೇರೆ ಜಾಗದಲ್ಲಿ ಕೋಡ್ ಚೊಕ್ಕ ಮಾಡುವಾಗ ಆ ಗುರುತು ಬಂತು. ಎರಡು ಬದಲಾವಣೆಗಳನ್ನೂ ಬೇರೆಬೇರೆಯಾಗಿ ಓದಿದರೆ ಯಾವುದೂ ಭಯ ಹುಟ್ಟಿಸುವುದಿಲ್ಲ. ಎರಡೂ ಸೇರಿದಾಗ ಬಾಗಿಲು ತೆರೆದುಕೊಂಡಿತು.

ಆ ಬಾಗಿಲಿನಿಂದ ಏನು ಸಾಧ್ಯ? ಯಂತ್ರದ ಬಳಕೆದಾರರ ವಿವರ ಇರುವ ಫೈಲ್ ಅನ್ನು ಎಲ್ಲರೂ ಓದಬಹುದು, ಆದರೆ ಬರೆಯುವ ಹಕ್ಕು ರೂಟ್‌ಗೆ ಮಾತ್ರ. ರೂಟ್ ಅಂದರೆ ಆ ಯಂತ್ರದ ಯಜಮಾನ. ಸಾಮಾನ್ಯ ಬಳಕೆದಾರ ಈ ಫೈಲ್‌ನ ಮೆಮೊರಿ ಪ್ರತಿಯಲ್ಲಿ ರೂಟ್‌ನ ಪಾಸ್‌ವರ್ಡ್ ಜಾಗ ತಿದ್ದಿದರೆ ಸಾಕು, ಅವನೇ ಯಜಮಾನ. ಡಿಸ್ಕ್‌ನಲ್ಲಿರುವ ಫೈಲ್ ಬದಲಾಗದೇ ಇರಬಹುದು. ಯಂತ್ರ ರೀಸ್ಟಾರ್ಟ್ ಆದರೆ ತಿದ್ದಿದ ಸುಳಿವೂ ಸಿಗುವುದಿಲ್ಲ. ಭದ್ರತಾ ದೋಷಗಳ ಸಾರ್ವಜನಿಕ ಪಟ್ಟಿಯಲ್ಲಿ ಸಿವಿಇ-2022-0847 ಎಂಬ ಸಂಖ್ಯೆಯ ಈ ದೋಷಕ್ಕೆ ‘ಡರ್ಟಿ ಪೈಪ್’ ಎಂಬ ಹೆಸರು ಬಂತು.

ಇಷ್ಟು ದೊಡ್ಡ ತೂತಿಗೆ ಹಾಕಿದ ತೇಪೆ ಎರಡೇ ಸಾಲು. ಎರಡು ಫಂಕ್ಷನ್‌ಗಳಲ್ಲಿ, ಅಂದರೆ ಕೋಡ್‌ನ ಎರಡು ತುಂಡುಗಳಲ್ಲಿ, ಒಂದೊಂದು ಸಾಲು. ಎರಡೂ ಹೇಳುವುದು ಒಂದೇ ಮಾತು: ಗುರುತುಗಳನ್ನು ಸೊನ್ನೆ ಮಾಡು. ಕೆಲರ್‌ಮನ್ 2022ರ ಫೆಬ್ರವರಿ 20ರಂದು ತೇಪೆಯ ಸಮೇತ ಕರ್ನಲ್‌ನ ಭದ್ರತಾ ತಂಡಕ್ಕೆ ತಿಳಿಸಿದರು. ಮೂರೇ ದಿನದಲ್ಲಿ ತೇಪೆ ಹಾಕಿದ 5.16.11, 5.15.25 ಮತ್ತು 5.10.102 ಆವೃತ್ತಿಗಳು ಹೊರಬಂದವು. ದೋಷದ ಪೂರ್ತಿ ವಿವರ ಎಲ್ಲರಿಗೂ ತಿಳಿದದ್ದು ಮಾರ್ಚ್ 7ರಂದು.

ಈ ನಡುವಿನ ದಿನಗಳು ನಾಜೂಕಿನವು. ಲಿನಕ್ಸ್‌ನ ಕೋಡ್ ಎಲ್ಲರ ಕಣ್ಣೆದುರೇ ಇರುತ್ತದೆ. ತೇಪೆ ಎಲ್ಲಿ ಬಿತ್ತು ಅಂತ ನೋಡಿದವರಿಗೆ ತೂತು ಎಲ್ಲಿತ್ತು ಅಂತಲೂ ಗೊತ್ತಾಗುತ್ತದೆ. ಹಾಗಾಗಿ ತೇಪೆ ಹೊರಬಿದ್ದ ಮೇಲೆ ಅದನ್ನು ಹಾಕಿಕೊಳ್ಳದ ಯಂತ್ರಕ್ಕೆ ಅಪಾಯ ಮೊದಲಿಗಿಂತ ಹೆಚ್ಚು.

ಇನ್ನೊಂದು ಮಾತನ್ನು ತುಂಬ ಜನ ಮರೆಯುತ್ತಾರೆ. ಅಪ್‌ಡೇಟ್ ಇಳಿದಾಗ ಹೊಸ ಕರ್ನಲ್ ಬಂದು ಕೂರುವುದು ಡಿಸ್ಕ್‌ನಲ್ಲಿ. ಮೆಮೊರಿಯಲ್ಲಿ ಓಡುತ್ತಿರುವುದು ಇನ್ನೂ ಹಳೆಯದೇ. ಓಡುತ್ತಿರುವಾಗಲೇ ತೇಪೆ ಹಾಕುವ ಲೈವ್ ಪ್ಯಾಚಿಂಗ್ ಕೆಲವು ಸರ್ವರ್‌ಗಳಲ್ಲಿ ಇದೆ. ಅದು ಇಲ್ಲದ ಯಂತ್ರದಲ್ಲಿ ಆ ಎರಡು ಸಾಲು ಕೆಲಸ ಶುರುಮಾಡುವುದು ರೀಸ್ಟಾರ್ಟ್ ಆದ ಮೇಲೆಯೇ.