ಒಂಬತ್ತು ಜೊತೆ ಕ್ಯಾನ್ವಾಸ್ ಶೂ

1934ರ ಡಿಸೆಂಬರ್ 9, ಭಾನುವಾರ. ನ್ಯೂಯಾರ್ಕಿನ ಪೋಲೋ ಗ್ರೌಂಡ್ಸ್ ಮೈದಾನದಲ್ಲಿ ಅಮೆರಿಕನ್ ಫುಟ್‌ಬಾಲಿನ ರಾಷ್ಟ್ರೀಯ ಲೀಗಿನ (ಎನ್‌ಎಫ್‌ಎಲ್) ಫೈನಲ್. ಹಿಂದಿನ ರಾತ್ರಿ ಸುರಿದ ಮಳೆ ಬೆಳಗಾಗುವುದರೊಳಗೆ ಹೆಪ್ಪುಗಟ್ಟಿತ್ತು. ಆಟ ಶುರುವಾಗುವಾಗ ತಾಪಮಾನ ಮೈನಸ್ 4 ಡಿಗ್ರಿ ಸೆಲ್ಸಿಯಸ್ ಆಸುಪಾಸು. ಹುಲ್ಲು, ಕೆಸರು, ಹಿಂದಿನ ಆಟಗಳಲ್ಲಿ ಬಿದ್ದ ಕುಳಿಗಳು ಎಲ್ಲವೂ ಸೇರಿ ಒಂದೇ ಬಂಡೆಯಾಗಿದ್ದವು.

ಆತಿಥೇಯ ನ್ಯೂಯಾರ್ಕ್ ಜೈಂಟ್ಸ್ ಗೆಲ್ಲುತ್ತದೆಂದು ನಂಬಿದವರು ಕಡಿಮೆ. ಆ ಸಾಲಿನ ಮೊದಲ ಎರಡು ಪಂದ್ಯ ಸೋತು, ನಡುವೆ ಚೇತರಿಸಿಕೊಂಡು, ಕೊನೆಯದನ್ನೂ ಸೋತು, ಒಟ್ಟು 8 ಗೆಲುವು 5 ಸೋಲಿನೊಂದಿಗೆ ಹೇಗೋ ಫೈನಲ್ ತಲುಪಿದ್ದ ತಂಡ ಅದು. ಎದುರಿಗೆ ಶಿಕಾಗೋ ಬೇರ್ಸ್: ಆಡಿದ 13 ಲೀಗ್ ಪಂದ್ಯಗಳಲ್ಲಿ 13 ಗೆಲುವು. ಅದೇ ಸಾಲಿನಲ್ಲಿ ಜೈಂಟ್ಸನ್ನು ಒಮ್ಮೆ 27-7, ಇನ್ನೊಮ್ಮೆ 10-9ರಿಂದ ಮಣಿಸಿತ್ತು. ಹಿಂದಿನ ವರ್ಷದ ಫೈನಲ್‌ನಲ್ಲೂ ಸೋತದ್ದು ಜೈಂಟ್ಸೇ.

ಮೈದಾನ ನೋಡಿದ ಜೈಂಟ್ಸ್ ಆಟಗಾರ ರೇ ಫ್ಲಾಹರ್ಟಿಗೆ ಕಾಲೇಜಿನ ದಿನಗಳು ನೆನಪಾದವು. ಗೊನ್ಜಾಗ ವಿಶ್ವವಿದ್ಯಾಲಯದಲ್ಲಿದ್ದಾಗ ಇಂಥದೇ ನೆಲದ ಮೇಲೆ ಅವನ ತಂಡ ರಬ್ಬರ್ ತಳದ ಶೂ ಹಾಕಿ ಆಡಿತ್ತು. ಕೋಚ್ ಸ್ಟೀವ್ ಓವೆನ್‌ಗೆ ಸಲಹೆ ಹಿಡಿಸಿತು. ಆದರೆ ಭಾನುವಾರ, ಅಂಗಡಿಗಳೆಲ್ಲ ಬಾಗಿಲು ಹಾಕಿದ್ದವು. ತಂಡದ ಸಾಮಾನು ನೋಡಿಕೊಳ್ಳಲು ನೆರವಾಗುತ್ತಿದ್ದ ಏಬ್ ಕೋಹೆನ್ ಎಂಬ ದರ್ಜಿ ಮ್ಯಾನ್‌ಹಟನ್ ಕಾಲೇಜಿನ ತಂಡಗಳಿಗೂ ಕೆಲಸ ಮಾಡುತ್ತಿದ್ದ. ಟ್ಯಾಕ್ಸಿ ಹತ್ತಿ ಅಲ್ಲಿಗೆ ಹೋದ. ಬಾಚಿಕೊಂಡು ಬಂದದ್ದು ಒಂಬತ್ತು ಜೊತೆ ಬ್ಯಾಸ್ಕೆಟ್‌ಬಾಲ್ ಶೂ ಎನ್ನುತ್ತವೆ ಹೆಚ್ಚಿನ ಕಥನಗಳು.

ಫುಟ್‌ಬಾಲ್ ಶೂವಿನ ತಳದಲ್ಲಿರುವ ಗಟ್ಟಿ ಗುಬುಟುಗಳಿಗೆ, ಅಂದರೆ ಸ್ಟಡ್‌ಗಳಿಗೆ, ಸ್ವಂತ ಹಿಡಿತ ಅಷ್ಟೇನೂ ಇಲ್ಲ. ಅವು ಮಣ್ಣಿನೊಳಗೆ ಇಳಿಯುತ್ತವೆ. ಆಟಗಾರ ಪಕ್ಕಕ್ಕೆ ಒದ್ದಾಗ ಆ ಮಣ್ಣಿನ ಗೋಡೆ ಅಡ್ಡ ನಿಲ್ಲುತ್ತದೆ. ಹಿಡಿದುಕೊಳ್ಳುವುದು ಮಣ್ಣು, ಸ್ಟಡ್ ಅಲ್ಲ. ಮಣ್ಣು ಒಳಗೆ ಬಿಟ್ಟುಕೊಳ್ಳದಿದ್ದರೆ?

ಸಣ್ಣ ಲೆಕ್ಕ ಮಾಡೋಣ. ನೂರು ಕೆಜಿ ಆಟಗಾರ ಒಂದೇ ಕಾಲಿನ ಮೇಲೆ ನಿಂತಿದ್ದಾನೆ, ತಳದಲ್ಲಿ ಏಳು ಸ್ಟಡ್, ಒಂದೊಂದರ ತುದಿ ಒಂದು ಚದರ ಸೆಂಟಿಮೀಟರ್ ಎಂದುಕೊಳ್ಳಿ. ಒತ್ತಡ ವಾಯುಮಂಡಲದ್ದಕ್ಕಿಂತ ಸುಮಾರು 14 ಪಟ್ಟು. ಓಡುವಾಗ ಅದರ ಎರಡು ಮೂರು ಪಟ್ಟು ಆದೀತು. ಹಸಿ ಮಣ್ಣು ಇಷ್ಟಕ್ಕೆ ಧಾರಾಳವಾಗಿ ಕುಸಿಯುತ್ತದೆ. ಆದರೆ ಕಣಕಣದ ನಡುವಿನ ನೀರು ಹೆಪ್ಪುಗಟ್ಟಿ ಸಿಮೆಂಟಿನಂತೆ ಬೆಸೆದ ಮಣ್ಣು ಇದನ್ನು ಸುಲಭವಾಗಿ ತಡೆದುಕೊಳ್ಳುತ್ತದೆ. ಆಗ ಆಟಗಾರ ನೆಲದ ಮೇಲೆ ನಿಂತಿಲ್ಲ, ಏಳು ಪುಟ್ಟ ಗಟ್ಟಿ ಕಾಲುಗಳ ಸ್ಟೂಲಿನ ಮೇಲೆ ನಿಂತಿದ್ದಾನೆ!

ಒತ್ತಡಕ್ಕೆ ಮಂಜುಗಡ್ಡೆ ಕರಗಿ ಜಾರುತ್ತದೆ ಎಂಬ ವಿವರಣೆಯನ್ನು ಶಾಲೆಯಲ್ಲಿ ಕೇಳಿರುತ್ತೇವೆ. ಇದೇ ಲೆಕ್ಕ ಅದನ್ನು ತಳ್ಳಿಹಾಕುತ್ತದೆ. ಮಂಜಿನ ಕರಗುವ ಬಿಂದುವನ್ನು ಒಂದು ಡಿಗ್ರಿ ಇಳಿಸಲು ಸುಮಾರು 135 ವಾಯುಮಂಡಲ ಒತ್ತಡ ಬೇಕು. ಮೈನಸ್ ನಾಲ್ಕಕ್ಕೆ ಐನೂರಕ್ಕೂ ಹೆಚ್ಚು. ಯಾವ ಆಟಗಾರನೂ ಅಷ್ಟು ಭಾರದವನಲ್ಲ. ಮಂಜಿನ ಮೇಲ್ಮೈಯ ಅಣುಗಳು ಒಳಗಿನವುಗಳಷ್ಟು ಬಿಗಿಯಾಗಿ ಕಟ್ಟಿಕೊಂಡಿರುವುದಿಲ್ಲ, ಅಲ್ಲಿ ದ್ರವದಂಥ ತೆಳು ಪದರ ತಾನಾಗಿಯೇ ಇರುತ್ತದೆ. ಇಂಥದೊಂದು ಪದರವಿದೆಯೆಂದು ಮೈಕೆಲ್ ಫ್ಯಾರಡೆ 1850ರಲ್ಲೇ ಹೇಳಿದ್ದ. ತಿಕ್ಕಾಟದ ಶಾಖ ಅದಕ್ಕೆ ಇನ್ನಷ್ಟು ಸೇರಿಸುತ್ತದೆ.

ಈ ಆಟದಲ್ಲಿ ಜಾರುವುದರ ಬೆಲೆ ನೇರ ಓಟಕ್ಕಿಂತ ತಿರುವಿನಲ್ಲಿ ಹೆಚ್ಚು. ಸೆಕೆಂಡಿಗೆ 6 ಮೀಟರ್ ವೇಗದಲ್ಲಿ ಓಡುವವನಿಗೆ ಘರ್ಷಣಾ ಗುಣಾಂಕ, ಅಂದರೆ ನೆಲ ಕೊಡುವ ಹಿಡಿತಕ್ಕೂ ಮೈಭಾರಕ್ಕೂ ಇರುವ ಅನುಪಾತ, 0.1 ಇದ್ದರೆ, ವೇಗ ಇಳಿಸದೆ ತಿರುಗಲು ಸುಮಾರು 37 ಮೀಟರ್ ತ್ರಿಜ್ಯದ ಬಾಗು ಬೇಕು. ಮೈದಾನದ ಅಗಲವೇ ಸುಮಾರು 49 ಮೀಟರ್. ಗುಣಾಂಕ 0.4ಕ್ಕೆ ಏರಿದರೆ 9 ಮೀಟರ್ ಸಾಕು. ಎದುರಾಳಿಯನ್ನು ತಪ್ಪಿಸಿಕೊಂಡು ಹೋಗುವುದಕ್ಕೂ ಅವನ ತೆಕ್ಕೆಗೇ ಹೋಗಿ ಬೀಳುವುದಕ್ಕೂ ಇರುವ ಅಂತರ ಅಷ್ಟು.

ರಬ್ಬರಿನ ದಾರಿಯೇ ಬೇರೆ. ಅದು ನೆಲವನ್ನು ಚುಚ್ಚಲು ಹೋಗುವುದಿಲ್ಲ, ತಾನೇ ಬಾಗುತ್ತದೆ. ಹೆಪ್ಪುಗಟ್ಟಿದ ಮಣ್ಣಿನ ಉಬ್ಬುತಗ್ಗುಗಳ ಮೇಲೆ ತಳ ಹಾಸಿಕೊಂಡಂತೆ ಕೂರುತ್ತದೆ, ನಿಜವಾಗಿ ತಾಗುವ ವಿಸ್ತೀರ್ಣ ಹಲವು ಪಟ್ಟು ಹೆಚ್ಚುತ್ತದೆ. ಉಬ್ಬುಗಳ ಮೇಲೆ ಸರಿಯುವಾಗ ಒತ್ತಿಸಿಕೊಂಡು ಮತ್ತೆ ಹಿಗ್ಗುವ ಪ್ರತಿ ಸುತ್ತಿನಲ್ಲೂ ಸ್ವಲ್ಪ ಶಕ್ತಿ ಶಾಖವಾಗಿ ಕಳೆದುಹೋಗುತ್ತದೆ, ಅದೂ ಜಾರಾಟವನ್ನು ತಡೆಯುತ್ತದೆ. ನೈಸರ್ಗಿಕ ರಬ್ಬರ್ ಗಾಜಿನಂತೆ ಗಡುಸಾಗುವುದು ಮೈನಸ್ 70 ಡಿಗ್ರಿ ಹತ್ತಿರ. ನ್ಯೂಯಾರ್ಕಿನ ಆ ಚಳಿ ಅದಕ್ಕೆ ಲೆಕ್ಕಕ್ಕಿಲ್ಲ.

ಹಾಗಂತ ರಬ್ಬರ್ ತಳ ಮಂಜಿನ ಮೇಲೆ ಯಾವಾಗಲೂ ಕಚ್ಚಿ ನಿಲ್ಲುತ್ತದೆ ಎಂದುಕೊಂಡರೆ ಮೂಗು ಒಡೆದುಕೊಳ್ಳುತ್ತೀರಿ. ಸೊನ್ನೆ ಡಿಗ್ರಿಯ ಹತ್ತಿರ, ಮೇಲೆ ನೀರು ನಿಂತ ನುಣುಪು ಮಂಜಿನಲ್ಲಿ ಅದೂ ಪಾಚಿಗಟ್ಟಿದ ಅಂಗಳದಲ್ಲಿ ಜಾರಿದಂತೆ ಜಾರುತ್ತದೆ. ತಾಪ ಇಳಿದಷ್ಟೂ ಅದರ ಹಿಡಿತ ಹೆಚ್ಚು. ಈ ಕಥೆ ಹೇಳುವವರು ಕೋಹೆನ್‌ನ ಟ್ಯಾಕ್ಸಿಯನ್ನು ಮರೆಯುವುದಿಲ್ಲ, ಚಳಿಯನ್ನು ಮರೆಯುತ್ತಾರೆ. ನನ್ನ ಮಟ್ಟಿಗೆ ಅರ್ಧ ಪಾಲು ಚಳಿಯದೇ. ಮಧ್ಯಾಹ್ನ ಬಿಸಿಲು ಬಂದು ಮೇಲ್ಪದರ ಕರಗಿದ್ದರೆ ಆ ಶೂಗಳು ಜೈಂಟ್ಸನ್ನೇ ಬೀಳಿಸುತ್ತಿದ್ದವು.

ಮಧ್ಯಂತರದಲ್ಲಿ ಬೇರ್ಸ್ 10-3ರಿಂದ ಮುಂದಿತ್ತು. ಜೈಂಟ್ಸ್ ಶೂ ಬದಲಿಸಿದ್ದು ಆಮೇಲೆಯೇ. ಮೂರನೇ ಭಾಗದಲ್ಲಿ ಅದು 13-3 ಆಯಿತು. ಎದುರಾಳಿಗಳ ಕ್ಯಾನ್ವಾಸ್ ಶೂ ಕಂಡ ಬೇರ್ಸ್ ಕೋಚ್ ಜಾರ್ಜ್ ಹಾಲಸ್ ‘ಅವರ ಕಾಲ್ಬೆರಳು ತುಳಿಯಿರಿ’ ಎಂದನಂತೆ. ತುಳಿಯಬೇಕಾದರೆ ಮೊದಲು ಹತ್ತಿರ ಹೋಗಬೇಕಲ್ಲ! ಕೊನೆಯ ಭಾಗದಲ್ಲಿ ಎಡ್ ಡನೋವ್ಸ್ಕಿ ಎಸೆದ ಚೆಂಡು ಹಿಡಿದು ಐಕ್ ಫ್ರಾಂಕಿಯನ್ ಜೈಂಟ್ಸ್‌ಗೆ ಮೊದಲ ಟಚ್‌ಡೌನ್ (ಚೆಂಡನ್ನು ಎದುರಾಳಿಯ ಗೆರೆಯಾಚೆ ಒಯ್ಯುವುದು) ತಂದ. ಕೆನ್ ಸ್ಟ್ರಾಂಗ್ 42 ಗಜ ಓಡಿ ಎರಡನೆಯದನ್ನೂ, ಇನ್ನೊಂದು ಓಟದಲ್ಲಿ ಮೂರನೆಯದನ್ನೂ ತಂದ. ನಾಲ್ಕನೆಯದು ಡನೋವ್ಸ್ಕಿಯದೇ. ಒಂದೇ ಭಾಗದಲ್ಲಿ 27 ಅಂಕ. ಜೈಂಟ್ಸ್ 30, ಬೇರ್ಸ್ 13.

1956ರ ಡಿಸೆಂಬರಿನಲ್ಲಿ ಇವೇ ಎರಡು ತಂಡಗಳು ಮತ್ತೆ ಫೈನಲ್‌ಗೆ ಬಂದವು. ಊರು ನ್ಯೂಯಾರ್ಕೇ, ನೆಲ ಮತ್ತೆ ಕಲ್ಲು. ಈ ಸಲ ಟ್ಯಾಕ್ಸಿ ಓಡಿಸುವ ಗಡಿಬಿಡಿ ಇರಲಿಲ್ಲ: ಜೈಂಟ್ಸ್ ಆಟಗಾರ ಆ್ಯಂಡಿ ರೊಬುಸ್ಟೆಲ್ಲಿಗೆ ಸ್ವಂತ ಕ್ರೀಡಾ ಸಾಮಾನಿನ ಅಂಗಡಿಯಿತ್ತು, ರಬ್ಬರ್ ತಳದ ಶೂಗಳು ಅಲ್ಲಿಂದಲೇ ಬಂದವು. ಜೈಂಟ್ಸ್ 47, ಬೇರ್ಸ್ 7.