ಬ್ರಿಟಿಷ್ ರಾಕ್ ಮತ್ತು ಬ್ಲೂಸ್‌ನ ಬಾಕಿ ಲೆಕ್ಕ

ಬ್ರಿಟಿಷ್ ಬ್ಯಾಂಡುಗಳು ಅಮೆರಿಕದ ಕಪ್ಪು ಜನರ ಸಂಗೀತವನ್ನು ಕದ್ದವಾ, ಇಲ್ಲಾ ಉಳಿಸಿದವಾ? ರಾಕ್ ಕೇಳುವವರ ನಡುವೆ ಈ ಜಗಳ ಮುಗಿಯುವುದೇ ಇಲ್ಲ. ಒಬ್ಬರು ಬ್ರಿಟಿಷ್ ಬ್ಯಾಂಡ್ ಲೆಡ್ ಝೆಪೆಲಿನ್ ಮೇಲಿನ ಕೇಸುಗಳನ್ನು ತೆಗೆಯುತ್ತಾರೆ. ಇನ್ನೊಬ್ಬರು, ಬೀಟಲ್ಸ್ ಇಲ್ಲದಿದ್ದರೆ ಚಕ್ ಬೆರ್ರಿ ಯಾರು ಅಂತ ನಿನಗೆ ಗೊತ್ತಾಗುತ್ತಿತ್ತಾ ಅಂತ ಕೇಳುತ್ತಾರೆ. ಕೋರ್ಟು, ರಾಯಲ್ಟಿ (ಹಾಡು ಬರೆದವರಿಗೆ ಸಲ್ಲುವ ಪಾಲು), ಸ್ಯಾಂಪಲ್ (ಬೇರೆ ರೆಕಾರ್ಡಿನಿಂದ ತೆಗೆದ ತುಣುಕು) ಎಲ್ಲ ಕಲಸಿಹೋಗಿ ಯಾವುದು ಮೊದಲು, ಯಾವುದು ಆಮೇಲೆ ಅನ್ನುವುದೇ ತಿಳಿಯದ ಹಾಗಾಗಿದೆ. ಮೊದಲಿಂದ ನೋಡೋಣ.

ಮಿಸಿಸಿಪ್ಪಿಯ ಹತ್ತಿ ಹೊಲಗಳ ಕಡೆ ಹುಟ್ಟಿದ ಕಪ್ಪು ಜನರ ಸಂಗೀತ ಬ್ಲೂಸ್, ಕೂಲಿ ಹುಡುಕಿಕೊಂಡು ಉತ್ತರಕ್ಕೆ ಹೋದವರ ಜೊತೆ ಷಿಕಾಗೊ ಸೇರಿತು, ಅಲ್ಲಿ ಎಲೆಕ್ಟ್ರಿಕ್ ಗಿಟಾರ್ ಹಿಡಿಯಿತು, 1950ರ ದಶಕದಲ್ಲಿ ಚಕ್ ಬೆರ್ರಿಯಂಥವರ ಕೈಯಲ್ಲಿ ರಾಕ್ ಅಂಡ್ ರೋಲ್ ಆಯಿತು. ಆಗ ಬ್ರಿಟನ್ನಿನ ರೇಡಿಯೊದಲ್ಲಿ ಇಂಥ ಹಾಡು ಕಿವಿಗೆ ಬೀಳುತ್ತಿದ್ದುದೇ ಕಡಿಮೆ. ಅಮೆರಿಕದ ಲೆಡ್ ಬೆಲಿ ಹಾಡುತ್ತಿದ್ದ 'ರಾಕ್ ಐಲೆಂಡ್ ಲೈನ್' ಅನ್ನು ಲಾನಿ ಡಾನಿಗನ್ ಹಾಡಿ, 1956ರಲ್ಲಿ ಅದು ಹಿಟ್ ಆದ ಮೇಲೆ ಹುಡುಗರಿಗೆ ಹುಚ್ಚು ಹಿಡಿಯಿತು. ಅಗ್ಗದ ಗಿಟಾರ್, ಬಟ್ಟೆ ಉಜ್ಜುವ ತಗಡಿನ ಹಲಗೆ, ಚಹಾ ಪೆಟ್ಟಿಗೆಗೆ ಕೋಲು, ದಾರ ಕಟ್ಟಿ ಮಾಡಿದ ಬೇಸ್. ಇಷ್ಟಿದ್ದರೆ ಒಂದು ತಂಡ. ಲಿವರ್‌ಪೂಲ್‌ನಲ್ಲಿ ಮುಂದೆ ಬೀಟಲ್ಸ್ ಸೇರಿದ ಜಾನ್ ಲೆನನ್ ಕಟ್ಟಿದ ಮೊದಲ ತಂಡವೂ ಇಂಥದ್ದೇ.

ಲಂಡನ್ ಕಡೆಯ ಕೆಲವರು ಇನ್ನೂ ಹಿಂದಕ್ಕೆ, ಬ್ಲೂಸ್‌ನ ತನಕ ಹೋದರು. 1958ರಲ್ಲಿ ಷಿಕಾಗೊದ ಬ್ಲೂಸ್ ಗಾಯಕ ಮಡ್ಡಿ ವಾಟರ್ಸ್ ಇಂಗ್ಲೆಂಡಿಗೆ ಬಂದು ಎಲೆಕ್ಟ್ರಿಕ್ ಗಿಟಾರ್ ನುಡಿಸಿದರು. 1961ರಲ್ಲಿ ಡಾರ್ಟ್‌ಫರ್ಡ್ ರೈಲು ನಿಲ್ದಾಣದಲ್ಲಿ ಮಿಕ್ ಜಾಗರ್ ಕೈಯಲ್ಲಿದ್ದ ಬೆರ್ರಿ ಮತ್ತು ವಾಟರ್ಸ್ ರೆಕಾರ್ಡುಗಳನ್ನು ನೋಡಿ ಕೀತ್ ರಿಚರ್ಡ್ಸ್ ಮಾತಿಗೆ ಶುರುಮಾಡಿದರು. ಇಬ್ಬರೂ ಮುಂದೆ ರೋಲಿಂಗ್ ಸ್ಟೋನ್ಸ್ ಬ್ಯಾಂಡಿನವರು. ಆ ರೆಕಾರ್ಡುಗಳನ್ನು ಜಾಗರ್ ಷಿಕಾಗೊದ ರೆಕಾರ್ಡ್ ಕಂಪನಿ ಚೆಸ್ ರೆಕಾರ್ಡ್ಸ್‌ಗೆ ಬರೆದು ಅಂಚೆಯಲ್ಲಿ ತರಿಸಿಕೊಳ್ಳುತ್ತಿದ್ದರು. ಈ ಹುಡುಗರ ಪ್ರೀತಿ ನಿಜವಾದದ್ದು. ಇದನ್ನು ಮೊದಲೇ ಹೇಳಿಬಿಡಬೇಕು, ಯಾಕೆಂದರೆ ಮುಂದಿನದನ್ನೆಲ್ಲ ಕೇಳುವಾಗ ಇದು ಮರೆತುಹೋಗುತ್ತದೆ.

ಆಮೇಲೆ 1964. ಫೆಬ್ರವರಿ 9ರಂದು ಎಡ್ ಸುಲಿವನ್ ಶೋದಲ್ಲಿ ಬೀಟಲ್ಸ್ ಹಾಡಿದಾಗ ಅಮೆರಿಕದಲ್ಲಿ ಸುಮಾರು 7.3 ಕೋಟಿ ಜನ ಟಿವಿ ಮುಂದೆ ಕೂತಿದ್ದರು. ಏಪ್ರಿಲ್ ಹೊತ್ತಿಗೆ ಅಮೆರಿಕದ ಹಿಟ್ ಹಾಡುಗಳ ಬಿಲ್‌ಬೋರ್ಡ್ ಪಟ್ಟಿಯ ಮೊದಲ ಐದೂ ಜಾಗ ಅವರದ್ದೇ. ಕೂದಲು ಬದಲಾಯಿತು, ಬಟ್ಟೆ ಬದಲಾಯಿತು, ಹುಡುಗರು ದೊಡ್ಡವರ ಜೊತೆ ಮಾತಾಡುವ ಧಾಟಿಯೂ ಬದಲಾಯಿತು. ಅದಕ್ಕಿಂತ ದೊಡ್ಡದು ಇನ್ನೊಂದಿದೆ. ಯಾರೋ ಬರೆದುಕೊಟ್ಟದ್ದನ್ನು ಒಬ್ಬ ಸ್ಟಾರ್ ಹಾಡುವ ಬದಲು, ನಾಲ್ಕೈದು ಗೆಳೆಯರು ಸೇರಿ ತಾವೇ ಬರೆದು ತಾವೇ ನುಡಿಸುವ ಗುಂಪು ರಾಕ್‌ನ ಮಾದರಿಯಾಯಿತು. ಜಗಳದ ಬೇರೂ ಇಲ್ಲೇ ಇದೆ. ನಾವೇ ಬರೆಯುತ್ತೇವೆ ಅಂದ ಮೇಲೆ ರೆಕಾರ್ಡಿನ ಲೇಬಲ್ ಮೇಲೆ ಬರೆದವರ ಹೆಸರೂ ತಮ್ಮದೇ ಇರಬೇಕಲ್ಲ.

ಈ ಹೊತ್ತಿನಲ್ಲಿ ಒಳ್ಳೆಯದೂ ಬಹಳ ನಡೆಯಿತು. 2003ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲೂ ಹಾಡಿ ಹೋದ ರೋಲಿಂಗ್ ಸ್ಟೋನ್ಸ್‌ಗೆ ಆ ಹೆಸರು ಬಂದಿದ್ದೇ ಮಡ್ಡಿ ವಾಟರ್ಸ್ ಅವರ 1950ರ ಹಾಡಿನಿಂದ. 1964ರ ಜೂನ್‌ನಲ್ಲಿ ಅವರು ಷಿಕಾಗೊಗೇ ಹೋಗಿ ಚೆಸ್ ಸ್ಟುಡಿಯೊದಲ್ಲಿ ರೆಕಾರ್ಡ್ ಮಾಡಿದರು. ವರ್ಷದ ಕೊನೆಗೆ 'ಲಿಟಲ್ ರೆಡ್ ರೂಸ್ಟರ್' ಬ್ರಿಟನ್‌ನಲ್ಲಿ ಮೊದಲ ಸ್ಥಾನಕ್ಕೆ ಬಂತು. ಅದು ವಿಲ್ಲಿ ಡಿಕ್ಸನ್ ಬರೆದದ್ದು, ಮೊದಲು ಹೌಲಿನ್ ವುಲ್ಫ್ ಹಾಡಿದ್ದು, ಲೇಬಲ್ ಮೇಲೆ ಡಿಕ್ಸನ್ ಹೆಸರೇ ಇತ್ತು. ಮರುವರ್ಷ ಅಮೆರಿಕದ ಒಂದು ಟಿವಿ ಕಾರ್ಯಕ್ರಮ ಸ್ಟೋನ್ಸ್‌ರನ್ನು ಕರೆದಾಗ, ವುಲ್ಫ್ ಕೂಡ ಬರಬೇಕು ಅಂತ ಅವರು ಪಟ್ಟು ಹಿಡಿದರು. 54 ವರ್ಷದ ವುಲ್ಫ್ ವೇದಿಕೆ ಮೇಲೆ ಹಾಡಿದರು, ಈ ಹುಡುಗರು ಕೆಳಗೆ ಕೂತು ಕೇಳಿದರು. ಅಮೆರಿಕದ ಬಿಳಿಯರ ಮನೆ ಮಕ್ಕಳಲ್ಲಿ ಎಷ್ಟೋ ಜನ ತಮ್ಮ ದೇಶದ ಸಂಗೀತವನ್ನು ಹೀಗೆ ಇಂಗ್ಲೆಂಡಿನ ದಾರಿಯಲ್ಲಿ ಕೇಳಿದರು.

ಈಗ ದುಡ್ಡಿನ ವಿಷಯ. ಒಂದು ಹಾಡನ್ನು ಬೇರೆಯವರು ಹಾಡಿ ಮಾರಿದರೆ, ಬರೆದವರಿಗೆ ಪ್ರತಿ ರೆಕಾರ್ಡಿಗೂ ಒಂದು ಪಾಲು ಹೋಗುತ್ತದೆ. ಯಾರು ಬರೆದವರು ಅನ್ನುವುದನ್ನು ಹೇಳುವುದು ಲೇಬಲ್ ಮೇಲೆ ಹಾಡಿನ ಹೆಸರಿನ ಕೆಳಗಿರುವ ಆ ಸಣ್ಣ ಸಾಲು. 'ಸಾಂಪ್ರದಾಯಿಕ' ಅಂತ ಬರೆದರೆ ಪಾಲು, ಹಾಡನ್ನು ವಾದ್ಯಗಳಿಗೆ ಹೊಂದಿಸಿ ಜೋಡಿಸಿದವರಿಗೆ ಹೋಗುತ್ತದೆ. ಆ್ಯನಿಮಲ್ಸ್ ಬ್ಯಾಂಡಿನ 'ಹೌಸ್ ಆಫ್ ದ ರೈಸಿಂಗ್ ಸನ್' ನಿಜಕ್ಕೂ ಹಳೆಯ, ಕರ್ತೃ ಗೊತ್ತಿಲ್ಲದ ಹಾಡು. ಜೋಡಿಸಿದವರು ಅಂತ ಲೇಬಲ್ ಮೇಲೆ ಬಂದದ್ದು ಐವರಲ್ಲಿ ಒಬ್ಬರ ಹೆಸರು ಮಾತ್ರ, ಅದರಿಂದ ಬ್ಯಾಂಡಿನೊಳಗೇ ಮನಸ್ತಾಪ ಹುಟ್ಟಿತು.

ಹೆಸರು ಗೊತ್ತಿದ್ದವರ ಹಾಡಿಗೂ ಹೀಗಾದಾಗ ಸಿಟ್ಟು ಬರುತ್ತದೆ. ಡಿಕ್ಸನ್ ಬರೆದ ಒಂದು ಹಾಡನ್ನು ಮಡ್ಡಿ ವಾಟರ್ಸ್ 1962ರಲ್ಲಿ ಹಾಡಿದರು. 1966ರಲ್ಲಿ ಸ್ಮಾಲ್ ಫೇಸಸ್ ಅದನ್ನೇ ಸ್ವಲ್ಪ ತಿರುಗಿಸಿ ಹಾಡಿದಾಗ ಬರೆದವರ ಜಾಗದಲ್ಲಿ ಬ್ಯಾಂಡಿನವರ ಹೆಸರು. 1969ರಲ್ಲಿ ಅದರ ಸಾಲುಗಳು ಲೆಡ್ ಝೆಪೆಲಿನ್‌ನ 'ಹೋಲ್ ಲಾಟಾ ಲವ್' ಒಳಗೆ ಬಂದಾಗಲೂ ಡಿಕ್ಸನ್ ಹೆಸರಿಲ್ಲ. ಆ ಹಾಡಿನ ಗಿಟಾರ್ ಝೆಪೆಲಿನ್ ಅವರದ್ದೇ, ಸದ್ದು ಅವರದ್ದೇ, ಮುಂದೆ ಹಾರ್ಡ್ ರಾಕ್ ನಡೆದ ದಾರಿ ತೆರೆದದ್ದೂ ಅಂಥ ಸದ್ದೇ. ಮಾತು ಮಾತ್ರ ಇನ್ನೊಬ್ಬರದ್ದು. ಡಿಕ್ಸನ್ 1985ರಲ್ಲಿ ಕೇಸು ಹಾಕಿದರು, 1987ರಲ್ಲಿ ರಾಜಿಯಾಯಿತು, ಈಗ ಅವರ ಹೆಸರಿದೆ. ಅಂದರೆ ಹಾಡು ಲೋಕವೆಲ್ಲ ಸುತ್ತಿ ಬಂದು 18 ವರ್ಷ ಆದ ಮೇಲೆ.

ಹಾಗಂತ ಬ್ರಿಟನ್ ಕಡೆಗೇ ಬೆರಳು ತೋರಿಸಿದರೆ ಲೆಕ್ಕ ತಪ್ಪುತ್ತದೆ. ಡಿಕ್ಸನ್ ಮತ್ತು ವಾಟರ್ಸ್ 1970ರ ದಶಕದಲ್ಲಿ ಅಮೆರಿಕದಲ್ಲೇ, ತಮ್ಮ ಹಾಡುಗಳ ಪ್ರಕಾಶನ ಕಂಪನಿಯ ಮೇಲೂ ರಾಯಲ್ಟಿಗಾಗಿ ಕೋರ್ಟಿಗೆ ಹೋಗಬೇಕಾಯಿತು. ಬ್ಲೂಸ್ ಒಳಗೂ ಸಾಲುಗಳು ಬಾಯಿಂದ ಬಾಯಿಗೆ ಹೋಗುತ್ತಿದ್ದವು, ನಮ್ಮ ಸೋಬಾನೆ ಪದಗಳ ಹಾಗೆ. ಹಾಗೆ ಹಂಚಿಕೊಳ್ಳುವಾಗ ಯಾರಿಗೂ ನಷ್ಟವಿರಲಿಲ್ಲ. ಅದಕ್ಕೆ ಒಬ್ಬರ ಸಹಿ ಬಿದ್ದು, ಲಕ್ಷಗಟ್ಟಲೆ ರೆಕಾರ್ಡ್ ಮಾರಿದಾಗ ಮಾತು ಬೇರೆಯಾಗುತ್ತದೆ ಅಲ್ವಾ?

ಡಿಕ್ಸನ್ ತಮ್ಮ ಪಾಲಿಗಾಗಿ ಮಾತ್ರ ಹೋರಾಡಲಿಲ್ಲ. ಹಳೆಯ ಕಲಾವಿದರು ರಾಯಲ್ಟಿ ಕೇಳಿ ಪಡೆಯಲು ನೆರವಾಗಲಿ ಅಂತ ಬ್ಲೂಸ್ ಹೆವನ್ ಪ್ರತಿಷ್ಠಾನ ಕಟ್ಟಿದರು. 1992ರಲ್ಲಿ ಅವರು ತೀರಿಕೊಂಡ ಮೇಲೆ ಅವರ ಹೆಂಡತಿ ಚೆಸ್ ಸ್ಟುಡಿಯೊದ ಹಳೆ ಕಟ್ಟಡವನ್ನೇ ಕೊಂಡರು. ಪ್ರತಿಷ್ಠಾನ ಈಗ ಅಲ್ಲೇ ಇದೆ.

ಆಮೇಲಿನ ಕೇಸುಗಳು ಎಲ್ಲವೂ ಒಂದೇ ಕಡೆ ವಾಲಲಿಲ್ಲ. 1938ರಲ್ಲೇ ತೀರಿಕೊಂಡಿದ್ದ ಬ್ಲೂಸ್ ಗಾಯಕ ರಾಬರ್ಟ್ ಜಾನ್ಸನ್ ಅವರ ಎರಡು ಹಾಡುಗಳನ್ನು ಸ್ಟೋನ್ಸ್ ಹಾಡಿದ್ದರು. ಅವು ಯಾರ ಸ್ವತ್ತೂ ಅಲ್ಲ ಅನ್ನುವ ವಾದವನ್ನು 2000ದಲ್ಲಿ ಅಮೆರಿಕದ ಮೇಲ್ಮನವಿ ಕೋರ್ಟು ಒಪ್ಪಲಿಲ್ಲ. 'ಸ್ಟೇರ್‌ವೇ ಟು ಹೆವನ್' ಇನ್ನೊಂದು ಬ್ಯಾಂಡಿನ ಹಾಡಿನಿಂದ ಕದ್ದದ್ದು ಅನ್ನುವ ಕೇಸಿನಲ್ಲಿ ಮಾತ್ರ 2016ರ ಜ್ಯೂರಿ, 2020ರ ಮೇಲ್ಮನವಿ ಎರಡರಲ್ಲೂ ಝೆಪೆಲಿನ್ ಗೆದ್ದಿತು.

ನನಗೆ ಎಲ್ಲಕ್ಕಿಂತ ಕಾಡುವುದು ದ ವರ್ವ್ ಬ್ಯಾಂಡಿನ ಕತೆ. 1997ರಲ್ಲಿ ಬಂದ ಅವರ 'ಬಿಟರ್ ಸ್ವೀಟ್ ಸಿಂಫನಿ'ಯಲ್ಲಿ, ಸ್ಟೋನ್ಸ್‌ನ 1965ರ 'ದ ಲಾಸ್ಟ್ ಟೈಮ್' ಹಾಡಿನ ಆರ್ಕೆಸ್ಟ್ರಾ ರೂಪದಿಂದ ತೆಗೆದ ತುಣುಕಿತ್ತು. ಗಲಾಟೆಯಾಗಿ ಹಾಡಿನ ರಾಯಲ್ಟಿ ಸ್ಟೋನ್ಸ್ ಕಡೆ ಹೋಯಿತು. 2019ರಲ್ಲಿ ಜಾಗರ್, ರಿಚರ್ಡ್ಸ್ ಇಬ್ಬರೂ ತಮ್ಮ ಹಕ್ಕನ್ನು ವರ್ವ್‌ನ ರಿಚರ್ಡ್ ಆ್ಯಶ್‌ಕ್ರಾಫ್ಟ್‌ಗೆ ಬಿಟ್ಟುಕೊಟ್ಟರು. ದೊಡ್ಡ ಮನಸ್ಸಿನ ಕೆಲಸ, ಅನುಮಾನವಿಲ್ಲ. ಆದರೆ 'ದ ಲಾಸ್ಟ್ ಟೈಮ್' ಹಾಡಿನ ಪಲ್ಲವಿ, ಕಪ್ಪು ಜನರ ಚರ್ಚುಗಳಲ್ಲಿ ಹಾಡುತ್ತಿದ್ದ, 1950ರ ದಶಕದಲ್ಲಿ ಸ್ಟೇಪಲ್ ಸಿಂಗರ್ಸ್ ರೆಕಾರ್ಡ್ ಮಾಡಿದ್ದ ಗಾಸ್ಪೆಲ್ ಹಾಡಿನಿಂದ ಬಂದದ್ದು. ಅದರ ಕೆಳಗಿನ ಸಾಲಿನಲ್ಲಿ ಬರೆದವರು ಅಂತ ಇಂದಿಗೂ ಇರುವುದು ಜಾಗರ್, ರಿಚರ್ಡ್ಸ್ ಹೆಸರುಗಳೇ.