ಚಿತ್ತೆ ಮಳೆ ಮತ್ತು ಏರೋಪ್ಲೇನ್ ಚಿಟ್ಟೆ

"ಏರೋಪ್ಲೇನ್ ಚಿಟ್ಟೆ ತಲೆ ಮಟ್ಟಕ್ಕೆ ಇಳ್ದವೆ, ಕಡ್ಲೆಕಾಯಿ ಎತ್ತಿಡಪ್ಪ. ಸಂಜೆಗೆ ಮಳೆ ಗ್ಯಾರಂಟಿ" ಅಂದಳು ಅಮ್ಮ. ಅಕ್ಟೋಬರ್ ಎರಡನೇ ವಾರ. ಕೊರಟಗೆರೆ ಕಡೆಯ ನಮ್ಮೂರಲ್ಲಿ ಚಿತ್ತೆ ಮಳೆ ಶುರುವಾಗುವ ಹೊತ್ತು. ರಾಗಿ ತೆನೆ ಬಿಟ್ಟಿತ್ತು. ಅಕ್ಕಡಿ ಸಾಲಿನ ಹುಚ್ಚೆಳ್ಳು ಹಳದಿ ಹೂ ತುಂಬಿಕೊಂಡಿತ್ತು. ಅದರ ಮೇಲೆ ನೂರಾರು ಏರೋಪ್ಲೇನ್ ಚಿಟ್ಟೆಗಳು, ಒಂದೂ ಎಲ್ಲೂ ಕೂರದೆ, ಹೊಲದ ಈ ಬದುವಿನಿಂದ ಆ ಬದುವಿಗೆ ತಿರುಗುತ್ತಿದ್ದವು. ಕರೆಂಟ್ ತಂತಿಯ ಮೇಲೆ ಕಾಜಾಣ ಹೊಂಚು ಹಾಕಿ ಕೂತಿತ್ತು.

ಕಡಲೆಕಾಯಿ ಎತ್ತಿಟ್ಟೆವು. ಮಳೆ ಬರಲಿಲ್ಲ.

ಅವತ್ತಿನಿಂದ ಗೋಡೆಯ ಕ್ಯಾಲೆಂಡರ್ ಮೇಲೆ ಗುರುತು ಹಾಕುತ್ತಾ ಬಂದೆ. ಅವು ಕೆಳಗೆ ಹಾರಿದ ದಿನ ಮಳೆ ಬಂದದ್ದೂ ಇತ್ತು, ಒಂದು ಹನಿ ಬೀಳದ್ದೂ ಇತ್ತು. ನುಸಿ, ಸೊಳ್ಳೆ ಎಲ್ಲಿ ಜಾಸ್ತಿ ಇರುತ್ತವೋ ಆ ಮಟ್ಟದಲ್ಲಿ ಇವು ಹಾರುತ್ತವೆ. ಊಟ ಎಲ್ಲಿದೆಯೋ ಅಲ್ಲಿಗೆ ಹೋಗುತ್ತವೆ, ಅಷ್ಟೇ. ಇನ್ನು, ಇವು ಕುಟುಕುತ್ತವೆ ಅನ್ನುವುದೂ ಸುಳ್ಳು. ಕುಟುಕಲು ಇವಕ್ಕೆ ಮುಳ್ಳೇ ಇಲ್ಲ. ಬಾಲಕ್ಕೆ ದಾರ ಕಟ್ಟಿ ಹಾರಿಸುವ ಮಕ್ಕಳನ್ನು ನೋಡಿದಾಗಲೆಲ್ಲ ನನಗೆ ಸಂಕಟವಾಗುತ್ತದೆ, ಯಾಕೆಂದರೆ ಆ ದಾರ ಕಟ್ಟಿಸಿಕೊಂಡದ್ದು ಆಫ್ರಿಕಾದ ದಾರಿ ಹಿಡಿದ ಪ್ರಯಾಣಿಕ ಆಗಿರಬಹುದು.

ಉತ್ಪ್ರೇಕ್ಷೆ ಅಲ್ಲ. ಚಿತ್ತೆ, ಸ್ವಾತಿ ಮಳೆಯ ಕಾಲದಲ್ಲಿ ಗುಂಪುಗುಂಪಾಗಿ ಕಾಣುವ ಈ ಹಳದಿ ಮೈಯ ಜಾತಿಗೆ ವಿಜ್ಞಾನದಲ್ಲಿ ಪ್ಯಾಂಟಾಲಾ ಫ್ಲೇವಸೆನ್ಸ್ ಎಂದು ಹೆಸರು. ತೂಕ ಸುಮಾರು 0.3 ಗ್ರಾಂ, ಒಂದು ಕಡಲೆಬೀಜಕ್ಕಿಂತ ಹಗುರ. ಚಾರ್ಲ್ಸ್ ಆಂಡರ್ಸನ್ ಎಂಬ ಸಮುದ್ರಜೀವಿ ವಿಜ್ಞಾನಿ 1983ರಿಂದ ಮಾಲ್ಡೀವ್ಸ್‌ನಲ್ಲಿದ್ದರು. ಆ ದ್ವೀಪಗಳಲ್ಲಿ ಕೆರೆಕುಂಟೆ ಇಲ್ಲವೇ ಇಲ್ಲ ಅನ್ನಬಹುದು. ಆದರೂ ಪ್ರತಿ ಅಕ್ಟೋಬರ್‌ನಲ್ಲಿ ಈ ಹುಳುಗಳು ದಂಡುದಂಡಾಗಿ ಬಂದಿಳಿಯುತ್ತಿದ್ದವು. ನೀರೇ ಇಲ್ಲದ ಕಡೆ ನೀರಿನಲ್ಲಿ ಹುಟ್ಟುವ ಹುಳು ಎಲ್ಲಿಂದ ಬಂತು? ವರ್ಷಗಟ್ಟಲೆ ದಿನಾಂಕ ಬರೆದಿಟ್ಟುಕೊಂಡು 2009ರಲ್ಲಿ ಅವರು ತಮ್ಮ ಲೆಕ್ಕ ಪ್ರಕಟಿಸಿದರು. ಅವು ಭಾರತದ ಕಡೆಯಿಂದ ಬಂದು, ಮಾಲ್ಡೀವ್ಸ್, ಸೇಶೆಲ್ಸ್ ದಾಟಿ ಪೂರ್ವ ಆಫ್ರಿಕಾ ಸೇರುತ್ತವೆ ಎಂದರು. ಸಮುದ್ರದ ದಾರಿಯೇ ಸುಮಾರು 3,500 ಕಿ.ಮೀ. ಅದೇ ವರ್ಷ ನವೆಂಬರ್‌ನಲ್ಲಿ ನಮ್ಮ ಮೈಸೂರಿಗೇ ಬಂದು ಈ ಕಥೆ ಹೇಳಿ ಹೋದರು.

ಇದು ಹೇಗೆ ಸಾಧ್ಯ ಅನ್ನುವುದೇ ನನಗೆ ಬಲು ಇಷ್ಟವಾದ ಭಾಗ. ಈ ಹುಳು ಮೊಟ್ಟೆ ಇಡುವುದು ಹೆಚ್ಚಾಗಿ ಮಳೆ ನಿಂತ ಗುಂಡಿಗಳಲ್ಲಿ. ಕೆರೆಯಲ್ಲಾದರೆ ಮೀನು ಮರಿಗಳನ್ನು ತಿಂದುಬಿಡುತ್ತದೆ, ಹೊಸ ಗುಂಡಿಯಲ್ಲಿ ಮೀನಿನ ಭಯವಿಲ್ಲ. ಆದರೆ ಗುಂಡಿ ಒಣಗುತ್ತದಲ್ವಾ? ಅದಕ್ಕೇ ಮರಿ ಆತುರಾತುರವಾಗಿ ಸೊಳ್ಳೆ ಮರಿಗಳನ್ನು ತಿಂದು ಆರೇಳು ವಾರದಲ್ಲೇ ರೆಕ್ಕೆ ಕಟ್ಟಿಕೊಂಡು ಹೊರಬರುತ್ತದೆ. ಬಂದ ಮೇಲೆ ತನ್ನ ಮೊಟ್ಟೆಗೆ ಇನ್ನೊಂದು ಹೊಸ ಗುಂಡಿ ಬೇಕು. ಎಲ್ಲಿ ಮಳೆ ಬಿದ್ದಿದೆ ಎಂದು ಅದಕ್ಕೆ ಯಾರು ಹೇಳುತ್ತಾರೆ?

ಗಾಳಿ. ಸೌದೆ ಒಲೆ ನೋಡಿ. ಬಿಸಿ ಗಾಳಿ ಮೇಲೇಳುತ್ತದೆ, ಆ ಜಾಗ ತುಂಬಲು ಸುತ್ತಲ ಗಾಳಿ ಒಲೆಯ ಬಾಯಿಗೇ ನುಗ್ಗುತ್ತದೆ. ಭೂಮಿಯ ನಡುವಿಗೂ, ಅಂದರೆ ಭೂಮಧ್ಯರೇಖೆಯ ಆಸುಪಾಸಿಗೆ, ಇಂಥದೊಂದು ಉದ್ದನೆಯ ಒಲೆಯಿದೆ. ಬಿಸಿಲಿಗೆ ಕಾದ ಗಾಳಿ ಅಲ್ಲಿ ಮೇಲೇಳುತ್ತದೆ, ತಣ್ಣಗಾಗಿ ಮಳೆ ಸುರಿಸುತ್ತದೆ, ಎರಡೂ ಕಡೆಯ ಗಾಳಿ ಅಲ್ಲಿಗೆ ಬಂದು ಕೂಡುತ್ತದೆ. ಅಂದರೆ ಗಾಳಿ ಕೂಡುವ ಜಾಗವೇ ಮಳೆಯ ಜಾಗ. ಸಂತೆಯ ದಿನ ಯಾವ ಗಾಡಿ ಹತ್ತಿದರೂ ಸಂತೆಗೇ ಇಳಿಯುತ್ತೀರಿ, ದಾರಿ ಕೇಳಬೇಕಾಗಿಲ್ಲ. ತೂಬು ತೆಗೆದ ಕೆರೆಯಲ್ಲಿ ತೇಲುವ ತರಗೆಲೆ ತೂಬಿನ ಬಾಯಿಗೇ ಬರುತ್ತದೆ, ಅದಕ್ಕೂ ದಾರಿ ಗೊತ್ತಿಲ್ಲ. ರಾಗಿ ತೂರುವಾಗ ಕಾಳು ಅಲ್ಲೇ ಬೀಳುತ್ತದೆ, ಹೊಟ್ಟು ಗಾಳಿಯ ಜೊತೆ ಹೋಗುತ್ತದೆ. ಈ ಹುಳು ಹೊಟ್ಟಿನ ಹಾಗೆ. ಹಿಂದಿನ ರೆಕ್ಕೆಯ ಬುಡ ಅಗಲ, ಅದನ್ನು ಚಾಚಿಕೊಂಡರೆ ಹೆಚ್ಚು ಬಡಿಯದೆಯೇ ತೇಲಬಹುದು.

ಸೆಪ್ಟೆಂಬರ್ ಕೊನೆಗೆ ಸೂರ್ಯ ದಕ್ಷಿಣಕ್ಕೆ ಜರುಗುತ್ತಾನೆ, ಅವನ ಹಿಂದೆ ಒಲೆಯೂ ಜರುಗುತ್ತದೆ. ನಮ್ಮ ಕಡೆ ಮುಂಗಾರು ಮುಗಿದು ಈಶಾನ್ಯದ ಗಾಳಿ, ಅಂದರೆ ಹಿಂಗಾರು, ತಿರುಗಿಕೊಳ್ಳುತ್ತದೆ. ಆಂಡರ್ಸನ್ ಗಮನಿಸಿದ್ದೂ ಇದನ್ನೇ. ಕೆಳಗೆ ಗಾಳಿ ಎದುರಾಗಿ ಬೀಸುತ್ತಿದ್ದರೂ 1,000 ಮೀಟರ್‌ಗಿಂತ ಮೇಲೆ ಅದು ಆಫ್ರಿಕಾದ ಕಡೆಗೇ ಹರಿಯುತ್ತಿರುತ್ತದೆ. ಅಷ್ಟು ಎತ್ತರಕ್ಕೆ ಏರಿದ ಹುಳುವಿಗೆ ಬೆನ್ನಿಗೂ ಗಾಳಿ, ಮುಂದೆಯೂ ಮಳೆ. ಚಿಟ್ಟೆ ಮಳೆ ತರುತ್ತದೆ ಅನ್ನುತ್ತೇವೆ. ಮಳೆಯ ಗಾಳಿಯೇ ಚಿಟ್ಟೆಯನ್ನು ಕರೆದೊಯ್ಯುತ್ತದೆ.

ಮನುಷ್ಯರಿಗೆ ಈ ಗಾಳಿ ಅರ್ಥವಾದದ್ದು ತಡವಾಗಿ. ಅರಬರ ಹಡಗುಗಳು ಒಂದು ಗಾಳಿಗೆ ನಮ್ಮ ಕರಾವಳಿಗೆ ಬಂದು, ಇನ್ನೊಂದು ಗಾಳಿಗೆ ಕಾದು ವಾಪಸಾಗುತ್ತಿದ್ದವು. ವಿಜಯನಗರದ ಸೈನ್ಯದ ಕುದುರೆಗಳು ಬಂದದ್ದೂ ಇದೇ ಗಾಳಿಯ ಲೆಕ್ಕದಲ್ಲಿ. ಮಾನ್ಸೂನ್ ಅನ್ನುವ ಮಾತೂ ಋತು ಎಂಬ ಅರ್ಥದ ಅರಬ್ಬಿ ಮಾತಿನಿಂದ ಬಂದದ್ದು. ಸೈಬೀರಿಯಾ ಕಡೆಯಿಂದ ನಾಗಾಲ್ಯಾಂಡ್‌ಗೆ ಬಂದು ಅಲ್ಲಿಂದ ಆಫ್ರಿಕಾಕ್ಕೆ ಹಾರುವ ಅಮುರ್ ಚಾಣ ಹಕ್ಕಿಗಳೂ ಇದೇ ಕಾಲದಲ್ಲಿ ಸಮುದ್ರ ದಾಟುತ್ತವೆ. ಅವಕ್ಕೆ ದಾರಿಯ ಬುತ್ತಿ ಬಹುಶಃ ಇದೇ ಹುಳುಗಳು.

ಹಾಗಂತ ನಮ್ಮ ಹೊಲದ ಮೇಲಿದ್ದವೆಲ್ಲ ನಮ್ಮೂರ ಗುಂಡಿಯಲ್ಲೇ ಹುಟ್ಟಿದವು ಅನ್ನಲಾಗದು. ಮಳೆ ನೀರಿನಲ್ಲಿ ಭಾರದ ಹೈಡ್ರೋಜನ್, ಅಂದರೆ ಮಾಮೂಲಿ ಹೈಡ್ರೋಜನ್‌ಗಿಂತ ತೂಕದ ಬಗೆ, ಎಷ್ಟಿರುತ್ತದೆ ಅನ್ನುವುದು ಊರಿಂದೂರಿಗೆ ಬೇರೆ. ಮರಿ ಬೆಳೆದ ನೀರಿನ ಗುರುತು ರೆಕ್ಕೆಯಲ್ಲಿ ಉಳಿದುಬಿಡುತ್ತದೆ, ಹೊಲಕ್ಕೆ ಪಹಣಿ ಇದ್ದ ಹಾಗೆ. 2012ರಲ್ಲಿ ಕೀತ್ ಹಾಬ್ಸನ್ ಎಂಬ ವಿಜ್ಞಾನಿ ಮತ್ತು ಸಂಗಡಿಗರು ಮಾಲ್ಡೀವ್ಸ್‌ನಲ್ಲಿ ಹಿಡಿದವುಗಳ ರೆಕ್ಕೆ ಪರೀಕ್ಷಿಸಿದಾಗ, ಅವು ಉತ್ತರ ಭಾರತ ಅಥವಾ ಅದಕ್ಕೂ ಆಚೆ ಹುಟ್ಟಿರಬಹುದು ಎಂಬ ಸುಳಿವು ಸಿಕ್ಕಿತು. ನಮ್ಮ ರಾಗಿ ಹೊಲ ಅವಕ್ಕೆ ದಾರಿಯ ನಡುವಿನ ಒಂದು ಛತ್ರ.

ಆದರೆ ಇಲ್ಲಿ ಹುಟ್ಟುವವೂ ಇವೆ. ನಮ್ಮ ಕೃಷಿ ಹೊಂಡದ ಅಂಚಿನ ಹುಲ್ಲಿನ ಕಡ್ಡಿಗೆ ಬಿಟ್ಟುಹೋದ ಪೊರೆಯೊಂದು ಅಂಟಿತ್ತು. ಅಂಗೈ ಮೇಲಿಟ್ಟುಕೊಂಡೆ. ಕಣ್ಣು, ಆರು ಕಾಲು, ಎಲ್ಲ ಹಾಗೇ ಇತ್ತು, ಒಳಗೆ ಮಾತ್ರ ಏನೂ ಇಲ್ಲ. ಬೆನ್ನು ಸೀಳಿದ ಕಡೆ ಬಿಳಿ ದಾರದಂಥ ಎಳೆಗಳು ನೇತಾಡುತ್ತಿದ್ದವು. ಅವು ಉಸಿರಾಟದ ಕೊಳವೆಗಳ ಒಳಪೊರೆ. ಹೊರಬರುವಾಗ ಹುಳು ಅದನ್ನೂ ಕಳಚಿಟ್ಟು ಹೋಗಿರುತ್ತದೆ.

ಇನ್ನೊಂದು ನೋಡಿದ್ದು ಅಂಗಳದಲ್ಲೇ. ಅಮ್ಮ ಟಾರ್ಪಾಲು ತೊಳೆದು ಬಿಸಿಲಿಗೆ ಹಾಸಿದ್ದಳು. ಒಂದು ಹೆಣ್ಣು ಹುಳು ಅದರ ಮೇಲೆ ಇಳಿದು ಬಾಲದ ತುದಿಯನ್ನು ಟಪ್ ಟಪ್ ಎಂದು ತಾಗಿಸುತ್ತಿತ್ತು. ಮೊಟ್ಟೆ ಇಡುತ್ತಿತ್ತು! ನೀರಿನ ಮೇಲಿಂದ ಚಿಮ್ಮುವ ಬೆಳಕಿನ ಅಲೆಗಳು ಒಂದೇ ದಿಕ್ಕಿಗೆ ಅಡ್ಡಡ್ಡಲಾಗಿ ಕಂಪಿಸುತ್ತವೆ. ನಮ್ಮ ಕಣ್ಣಿಗೆ ಅದು ತಿಳಿಯದು, ಇದರ ಕಣ್ಣಿಗೆ ಅದೇ ನೀರಿನ ಗುರುತು. ಹೊಳೆಯುವ ಪ್ಲಾಸ್ಟಿಕ್, ಕಾರಿನ ಬಾನೆಟ್ ಕೂಡ ಬೆಳಕನ್ನು ಹಾಗೇ ಚಿಮ್ಮಿಸುತ್ತವೆ. ಅಲ್ಲಿಟ್ಟ ಮೊಟ್ಟೆ ಒಣಗಿ ಹೋಗುತ್ತದೆ.

ಅಮ್ಮನಿಗೆ ತೋರಿಸಿದೆ. ಸ್ವಲ್ಪ ಹೊತ್ತು ಬಗ್ಗಿ ನೋಡಿದಳು. "ಅಯ್ಯೋ ಪಾಪ, ನೀರು ಅನ್ಕೊಂಡೈತೆ" ಅಂದಳು. ಒಳಗಿಂದ ಎರಡು ಗೋಣಿ ತಾಟು ತಂದು ಟಾರ್ಪಾಲಿನ ಮೇಲೆ ಹರಡಿದಳು. ಹುಳು ಎರಡು ಸುತ್ತು ಹಾಕಿ ಹೊಂಡದ ಕಡೆ ಹಾರಿತು.